ಕುಮಟೆಯಿಂದ ಗೋಕರ್ಣಕ್ಕೆ ಕಾಲ್ನಡಿಗೆಯಲ್ಲಿ

ಉಬ್ರಾಣಿಯಲ್ಲಿ ಕುಳಿತು ಕಡಲಿನ ಮಾತನಾಡುವವನನ್ನು ಕಂಡು ನಗದವರು ಯಾರು? ಚನ್ನಗಿರಿ ತಾಲ್ಲೂಕಿನ ಈ ನಮ್ಮ ಊರಿನ ಸುತ್ತ ಅಡಕೆಯ ತೋಟಗಳು. ಅವುಗಳ ಆಚೆಗೆ ಕುಕ್ವಾಡ–ಉಬ್ರಾಣಿ ಕಾಡಿನ ಗುಡ್ಡಗಳು. ನೀರೆಂದರೆ ನಮಗೆ ಕೆರೆಯ ನೀರು, ಕೊಳವೆಬಾವಿಯ ನೀರು, ಈಚೆಗೆ ಏತ ನೀರಾವರಿಯ ಕೊಳವೆಗಳಲ್ಲಿ ಬರುವ ಭದ್ರೆಯ ನೀರು. ಉಪ್ಪುನೀರಿಗೂ ನಮಗೂ ನಡುವೆ ಸಹ್ಯಾದ್ರಿಯೇ ಗೋಡೆಯಾಗಿ ನಿಂತಿದೆ. ಹೀಗಿರಲು, 34 ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನಾನು, "ಕಡಲ ದಂಡೆಯಲ್ಲಿ ಎರಡು ದಿನ ನಡೆದು ಬರಬೇಕೆಂದಿದ್ದೇನೆ" ಎಂದಾಗ ನೆರೆಮನೆಯ ಯಜಮಾನರು, "ನಡೆಯುವುದಕ್ಕೆ ನಮ್ಮ ತೋಟದ ಬದು ಸಾಲದೆ, ಮೇಷ್ಟ್ರೇ?" ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ನನ್ನ ಹಂಬಲಕ್ಕೆ ಒಂದು ಕಾರಣವಿತ್ತು. ನಾನು ಮಕ್ಕಳಿಗೆ ಕಲಿಸುತ್ತಿದ್ದುದು ಭೂಗೋಳ. ಕರ್ನಾಟಕದ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಬೆಳಗಾವಿಯ ಮೂಲೆ, ಬೀದರಿನ ತಲೆ, ಕೋಲಾರದ ಅಂಚು ಇವನ್ನೆಲ್ಲ ಎಚ್ಚರಿಕೆಯಿಂದ ತಿದ್ದಿ, ಪಶ್ಚಿಮದ ಅಂಚನ್ನು ಮಾತ್ರ ಸೀಮೆಸುಣ್ಣದ ಒಂದೇ ಎಳೆತದಲ್ಲಿ ಮುಗಿಸಿಬಿಡುತ್ತಿದ್ದೆ. ಸುಮಾರು 320 ಕಿಲೋಮೀಟರಿನ ಕರಾವಳಿ, ಒಂದು ಗೆರೆ! ಆ ಗೆರೆಯ ಮೇಲೆ ನಾನು ಒಂದು ಮೈಲಿಯನ್ನೂ ನಡೆದವನಲ್ಲ. ನನ್ನಾಕೆಯಂತೂ ಉಡುಪಿಯ ಯಾತ್ರೆಗೆ ಹೋದಾಗ ಮಲ್ಪೆಯಲ್ಲಿ ಅರ್ಧ ಗಂಟೆ ಕಡಲನ್ನು ಕಂಡದ್ದೇ ಕಂಡದ್ದು. ಬಸ್ಸಿನವನು ಕೂಗಿದನೆಂದು ಒದ್ದೆ ಸೀರೆಯಂಚಿನಲ್ಲಿಯೇ ಓಡಿಬಂದು ಕುಳಿತದ್ದನ್ನು ಆಕೆ ಇಂದಿಗೂ ಮರೆತಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಮಗನಿಗೆ ಈ ವಿಷಯ ತಿಳಿದೊಡನೆ, "ನಡೆಯುವುದೇಕೆ ಅಪ್ಪ? ಸೈಕಲ್ಲಿನಲ್ಲಿ ಹೋಗೋಣ. ಎರಡು ದಿನದಲ್ಲಿ ಅರ್ಧ ಕರಾವಳಿಯನ್ನೇ ಮುಗಿಸಬಹುದು" ಎಂದ. ಸೈಕಲ್ ನನಗೆ ಹೊಸದಲ್ಲ. ಶಾಲೆಗೆ ಅದರಲ್ಲಿಯೇ ಹೋಗಿ ಬಂದವನು ನಾನು. ಆದರೂ ವಿಚಾರಿಸುತ್ತ ಹೋದಂತೆ ಕೆಲವು ಸಂಗತಿಗಳು ತಿಳಿದುಬಂದುವು. ಕರಾವಳಿಯ ಉದ್ದಕ್ಕೂ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಹಗಲಿರುಳೂ ತಪ್ಪಿದ್ದಲ್ಲ. ಅಲ್ಲಿ ಸೈಕಲ್ ತುಳಿಯುವವನ ಕಣ್ಣು ಕಡಲಿನ ಮೇಲಿರುವುದಿಲ್ಲ, ಹಿಂದಿನಿಂದ ಬರುವ ಗಾಡಿಯ ಸದ್ದಿನ ಮೇಲಿರುತ್ತದೆ. ಮರಳಿನ ಮೇಲೆ ಹೋಗೋಣವೆಂದರೆ, ಇಳಿತದ ಹೊತ್ತಿನಲ್ಲಿ ನೀರು ಸರಿದ ಗಟ್ಟಿ ಮರಳು ಮಾತ್ರ ಗಾಲಿಯನ್ನು ಹೊರುತ್ತದೆ. ಉಪ್ಪು ತಗುಲಿದ ಸರಪಳಿಯನ್ನು ಅಂದೇ ತೊಳೆದು ಎಣ್ಣೆ ಹಾಕದಿದ್ದರೆ ತುಕ್ಕು ಹಿಡಿಯುತ್ತದೆ. ಬಂಡೆಗಳ ಎಡೆಯಲ್ಲಂತೂ ಸೈಕಲ್ಲನ್ನು ನಾವೇ ಹೊರಬೇಕು. ತೆಂಗಿನ ತೋಟಗಳ ನಡುವಿನ ಹಳ್ಳಿಯ ದಾರಿಗಳಲ್ಲಿ ಸೈಕಲ್ಲಿಗಿಂತ ಒಳ್ಳೆಯ ವಾಹನವಿಲ್ಲ, ನಿಜ. ಆದರೆ ಗುಡ್ಡ ನೇರವಾಗಿ ಕಡಲಿಗೆ ಇಳಿಯುವ ಒರಟು ದಂಡೆಯನ್ನು ನೋಡಬೇಕೆನ್ನುವವರಿಗೆ ಕಾಲೇ ಗತಿ. ಎಲ್ಲಕ್ಕೂ ಮಿಗಿಲಾಗಿ, ನನ್ನಾಕೆಗೆ ಸೈಕಲ್ ಬಾರದು.

ಅಂಥ ದಂಡೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಮಟೆಗೂ ಗೋಕರ್ಣಕ್ಕೂ ನಡುವೆ ಇದೆ. ಮರವಂತೆಯ ಕಡೆಯಲ್ಲಿ ಮರಳು ಉದ್ದಕ್ಕೆ ಹಾಸಿಕೊಂಡಿದ್ದರೆ, ಇಲ್ಲಿ ಘಟ್ಟದ ಮರಿಗಳಂತಿರುವ ಗುಡ್ಡಗಳು ಒಂದಾದ ಮೇಲೊಂದು ನೀರಿನೊಳಗೆ ಮೂಗು ಚಾಚಿವೆ. ಒಂದೊಂದು ಮೂಗಿನ ಮಗ್ಗುಲಲ್ಲಿಯೂ ಒಂದೊಂದು ಪುಟ್ಟ ಕೊಲ್ಲಿ. ಮೇಲೆ ಚಿರೆಕಲ್ಲಿನ ಕೆಂಪು ಬೋಳು ನೆತ್ತಿ, ಕೆಳಗೆ ಅಲೆ ತಿಂದು ಬಿಟ್ಟ ಕರಿಯ ಬಂಡೆ. ಹಾದಿ ಸುಮಾರು 25 ಕಿಲೋಮೀಟರು. ಎರಡು ದಿನಕ್ಕೆ ಹೇಳಿ ಮಾಡಿಸಿದಂತಿದೆ. ಕಾಲವೆಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಯಂತ್ರದ ದೋಣಿಗಳೇ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಯ ನಿಷೇಧಕ್ಕೊಳಪಟ್ಟು ದಡದಲ್ಲಿ ಕಟ್ಟಿಹಾಕಿಸಿಕೊಂಡಿರುತ್ತವೆ.

ಹೀಗೆ ಜನರನ್ನು ಕರೆದೊಯ್ಯುವವರು ಈಗ ಅನೇಕರಿದ್ದಾರೆ. ನಾವು ಮೂವರನ್ನು ವಿಚಾರಿಸಿದೆವು. ಚೆಂದದ ಚಿತ್ರಗಳನ್ನು ಮೂವರೂ ಕಳುಹಿಸಿದರು. ಆದುದರಿಂದ ಚಿತ್ರಗಳನ್ನು ಬದಿಗಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಿದೆ. ಒಬ್ಬ ಮಾರ್ಗದರ್ಶಿಯ ಜತೆಗೆ ಎಷ್ಟು ಜನ? ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಜತೆಯಲ್ಲಿ ಯಾರಿರುತ್ತಾರೆ? ದಾರಿಯ ನಡುವೆ ನಡೆಯಲಾಗದವರು ಎಲ್ಲಿ ರಸ್ತೆಯನ್ನು ಸೇರಬಹುದು? ಸಮುದ್ರ ಏರಿದ್ದರೆ ಏನು ಮಾಡುತ್ತೀರಿ? ಮೊದಲನೆಯವರು ಎಲ್ಲಕ್ಕೂ, "ಏನೂ ತೊಂದರೆಯಿಲ್ಲ, ಸಾರ್" ಎಂಬ ಒಂದೇ ಉತ್ತರವನ್ನು ಕೊಟ್ಟರು. ಎರಡನೆಯವರು ನಲವತ್ತು ಜನರ ದೊಡ್ಡ ತಂಡವೆಂದೂ, ರಾತ್ರಿ ಹಾಡು ಕುಣಿತಗಳಿರುತ್ತವೆಂದೂ ತಿಳಿಸಿದರು. ಮೂರನೆಯವರು ಕುಮಟೆಯ ಕಡೆಯವರೇ. ಅವರು ಉತ್ತರ ಹೇಳುವ ಮೊದಲು ನಮ್ಮನ್ನೇ ಕೇಳತೊಡಗಿದರು: "ಅಮ್ಮನವರ ವಯಸ್ಸೆಷ್ಟು? ಮಂಡಿಯ ನೋವಿದೆಯೋ? ಬರುವ ದಿನ ಯಾವ ತಿಥಿ?" ತಿಥಿಯೇಕೆಂದು ನಾನು ಬೆರಗಾದೆ. "ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ ದೊಡ್ಡದು, ಮಾಸ್ತರೇ" ಎಂದರು. ನಾವು ಪ್ರಶ್ನೆ ಕೇಳಿದ್ದು ಮೂವರನ್ನು. ನಮ್ಮನ್ನು ಪ್ರಶ್ನೆ ಕೇಳಿದವರು ಇವರೊಬ್ಬರೇ. ಆಯ್ಕೆ ಅಲ್ಲಿಗೆ ಮುಗಿಯಿತು.

ಆದರೆ ಮಗನಿಗೆ ರಜೆ ದೊರೆತದ್ದು ಹುಣ್ಣಿಮೆಯ ಆಸುಪಾಸಿನಲ್ಲಿಯೇ. "ಬನ್ನಿ, ಆದರೆ ಬೆಳಗಿನ ಆರು ಗಂಟೆಗೆ ದಂಡೆಯ ಮೇಲಿರಬೇಕು" ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಇತ್ತ ನಾವೂ ಸಿದ್ಧತೆ ನಡೆಸಿದೆವು. ಆರು ವಾರಗಳ ಕಾಲ ಬೆಳಗ್ಗೆ ಎದ್ದು ತೋಟದ ದಾರಿಯಲ್ಲಿ ನಡೆದೆವು. ಎರಡು ಭಾನುವಾರ ಸೂಳೆಕೆರೆಗೆ, ಎಂದರೆ ಈಗಿನ ಶಾಂತಿಸಾಗರಕ್ಕೆ, ಹೋಗಿ ಏರಿಯ ಮೇಲೆ ನಡೆದೆವು. ಏರುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟವೆಂದು ಕೇಳಿ ನನ್ನಾಕೆಗೆ ಒಂದು ಬಿದಿರು ಕೋಲನ್ನು ಮಾಡಿಸಿದೆ. ಈ ನಡಿಗೆಗಳಲ್ಲೆಲ್ಲ ನಾನು ಇಪ್ಪತ್ತು ಮಾರು ಮುಂದೆ, ಆಕೆ ಇಪ್ಪತ್ತು ಮಾರು ಹಿಂದೆ. ಮದುವೆಯಾಗಿ 36 ವರ್ಷಗಳಿಂದ ನಾವು ನಡೆದದ್ದೇ ಹಾಗೆ. ಜಾತ್ರೆಗೆ ಹೋಗಲಿ, ತೋಟಕ್ಕೆ ಹೋಗಲಿ, ಆಕೆ "ನೀವು ಹೋಗಿ, ನಾನು ಬರುತ್ತೇನೆ" ಎನ್ನುತ್ತಿದ್ದಳು, ನಾನು ಹೋಗುತ್ತಿದ್ದೆ. ಅದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಎಂದೂ ತೋರಿರಲಿಲ್ಲ.

ಶಿವಮೊಗ್ಗ, ಸಾಗರಗಳನ್ನು ಹಾದು ಗೇರುಸೊಪ್ಪೆಯ ಘಾಟಿಯನ್ನಿಳಿದು ಹೊನ್ನಾವರದ ಮೂಲಕ ಕುಮಟೆಯನ್ನು ಸೇರಿದೆವು. ಬೆಂಗಳೂರು, ಮಂಗಳೂರುಗಳ ಕಡೆಯಿಂದ ಬರುವವರಿಗೆ ರೈಲೂ ಉಂಟು. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಕುಮಟೆಯಲ್ಲಿಳಿದು ನಡೆದು, ಗೋಕರ್ಣ ರೋಡ್ ನಿಲ್ದಾಣದಿಂದ ಮರಳಬಹುದು. ಕುಮಟೆ ಇಂದು ಸಾಧಾರಣ ಪಟ್ಟಣವಾಗಿ ಕಂಡರೂ ಹಿಂದೆ ಹೆಸರುವಾಸಿಯಾದ ಬಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಬಂದು ಇಲ್ಲಿ ಹಡಗನ್ನೇರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಆ ಹತ್ತಿಗೆ ಪೇಟೆಯಲ್ಲಿ ನಿಂತ ಹೆಸರು 'ಕುಮಟಾ ಹತ್ತಿ' ಎಂದೇ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ ನಮ್ಮ ನಾಡಿನ ಹತ್ತಿಗೆ ಬೇಡಿಕೆ ಏರಿತು. ಘಟ್ಟದ ಮೇಲಿನವರಾದ ನಾವು ಕುಮಟೆಗೆ ಬಂದದ್ದು ಹೊಸತೇನಲ್ಲವೆಂದು ಸಮಾಧಾನವಾಯಿತು.

ಆರು ಗಂಟೆಗೆ ದಂಡೆಯ ಮೇಲಿರಬೇಕೆಂದಿದ್ದರಷ್ಟೆ? ನಾವು ಅಲ್ಲಿಗೆ ತಲುಪಿದ್ದು ಏಳೂಕಾಲಿಗೆ. ತಪ್ಪು ನನ್ನದೇ. ವಸತಿಗೃಹದಲ್ಲಿ ಕಾಫಿ ತಡವಾಯಿತು. ಕುಡಿಯದೆ ಹೊರಡಲಾರೆನೆಂದು ನಾನು ಹಟ ಹಿಡಿದೆ. ತಂಡದಲ್ಲಿ ಒಟ್ಟು ಹತ್ತು ಜನ. ನಡುವಯಸ್ಸಿನ ಮಾರ್ಗದರ್ಶಿ ಒಬ್ಬರು, ಅವರ ಸಹಾಯಕನಾಗಿ ಒಬ್ಬ ತರುಣ. ಹಿರಿಯರು ತಡವಾದುದಕ್ಕೆ ಏನೂ ಅನ್ನದೆ ಸಮುದ್ರವನ್ನೊಮ್ಮೆ ನೋಡಿ, ಗಡಿಯಾರವನ್ನೊಮ್ಮೆ ನೋಡಿ, ನನ್ನಾಕೆಯ ಕಡೆಗೆ ತಿರುಗಿ, "ಅಮ್ಮ, ನೀವು ಮುಂದೆ ನಡೀರಿ. ನಿಮ್ಮ ಹಿಂದೆ ಎಲ್ಲರೂ ಬರ್ತಾರೆ" ಎಂದರು. ಆಕೆ ತಬ್ಬಿಬ್ಬಾಗಿ ನನ್ನ ಮುಖವನ್ನು ನೋಡಿದಳು. ನಿಧಾನವಾಗಿ ನಡೆಯುವವರು ಮುಂದಿದ್ದರೆ ತಂಡ ಒಡೆಯುವುದಿಲ್ಲ. ಹಿಂದಿದ್ದರೆ, ಮುಂದಿನವರು ದಣಿವಾರಿಸಿಕೊಂಡು ಏಳುವ ಹೊತ್ತಿಗೆ ಅವರು ಬಂದು ಸೇರುತ್ತಾರೆ, ಅವರಿಗೆ ವಿಶ್ರಾಂತಿಯೆಂಬುದೇ ಇರುವುದಿಲ್ಲ. ಎಷ್ಟು ಸರಳವಾದ ಲೆಕ್ಕ! ಅದು ನನ್ನಂಥ ಮೇಷ್ಟರ ತಲೆಗೆ ಹೊಳೆದಿರಲಿಲ್ಲ.

ವನ್ನಳ್ಳಿಯ ಕಡೆಯಿಂದ ಹೊರಟು ಕಡ್ಲೆಯ ತೀರವನ್ನು ದಾಟಿದೆವು. ಗಾಳಿಮರಗಳ ತೋಪು, ದಡಕ್ಕೆಳೆದ ದೋಣಿಗಳು, ಬಲೆಯನ್ನು ಬಿಡಿಸುತ್ತ ಕುಳಿತ ಮುದುಕರು. ನನ್ನಾಕೆ ಕೋಲೂರಿ ಮುಂದೆ ನಡೆಯುತ್ತಿದ್ದಳು. ಆಕೆಯ ನಡಿಗೆಯನ್ನು ನಾನು ಹಿಂದಿನಿಂದ ನೋಡಿದ್ದು ಅದೇ ಮೊದಲು. ಎಡಗಾಲನ್ನು ಊರುವ ಮುನ್ನ ಒಂದು ಕ್ಷಣ ತಡೆಯುತ್ತಿದ್ದಳು. ಪ್ರತಿ ಹೆಜ್ಜೆಗೂ ತಡೆಯುತ್ತಿದ್ದಳು. "ಮಂಡಿ ಸ್ವಲ್ಪ ನೋಯುತ್ತದೆ" ಎಂದು ಮನೆಯಲ್ಲಿ ಹೇಳುತ್ತಿದ್ದಳಲ್ಲದೆ, ಇಷ್ಟು ಎಂದು ನನಗೆ ತಿಳಿದಿರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಗುಡ್ಡದ ಮೂಗೊಂದು ಎದುರಾಯಿತು. ಅದರ ಬುಡದ ಬಂಡೆಗಳನ್ನು ಹಾದುಹೋದರೆ ಮುಂದಿನ ತೀರ ಕೂಗಳತೆ. ಬಂಡೆಗಳ ಮೇಲೆ ನೀರು ಆಗಾಗ ಬಂದು ಹೋಗುತ್ತಿತ್ತು, ಅಷ್ಟೆ. ಆದರೆ ಮಾರ್ಗದರ್ಶಿ ಕೈಯಡ್ಡ ಹಿಡಿದು ನಿಂತರು. "ಈಗ ಆಗುವುದಿಲ್ಲ. ನೀರು ಏರ್ತಾ ಉಂಟು." ತಂಡದ ಒಬ್ಬರು, "ಹತ್ತು ನಿಮಿಷದ ಹಾದಿ, ದುಡ್ಡು ಕೊಟ್ಟಿದ್ದೇವೆ" ಎಂದು ಗೊಣಗಿದರು. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಇದನ್ನು ನಾನೇ ಪಾಠ ಮಾಡಿದ್ದೆ. ಆದರೆ ಹುಣ್ಣಿಮೆಯ ಆಸುಪಾಸಿನಲ್ಲಿ ಈ ದಂಡೆಗೆ ಭರತ ಬರುವುದು ನಡುಹಗಲಿನ ಹೊತ್ತಿಗೆ ಎಂಬುದು ನನ್ನ ಪಾಠದಲ್ಲಿರಲಿಲ್ಲ. ನಾವು ಆರಕ್ಕೆ ಹೊರಟಿದ್ದರೆ ಆ ಬಂಡೆಗಳು ಒಣಗಿದ್ದಾಗಲೇ ದಾಟಿರುತ್ತಿದ್ದೆವು. ಒಂದು ಲೋಟ ಕಾಫಿಯ ಬೆಲೆ ಆಗ ತಿಳಿಯಿತು.

ಇನ್ನುಳಿದದ್ದು ಗುಡ್ಡದ ಮೇಲಿನ ದಾರಿ. ಕಡಿದಾದ ಏರು, ಆಚೆ ಸಡಿಲವಾದ ಚಿರೆಕಲ್ಲಿನ ಇಳಿಜಾರು. "ಕಾಲು ಗಟ್ಟಿಯಿದ್ದವರು ಹುಡುಗನ ಜತೆ ಮೇಲೆ ಹೋಗಿ. ಅಮ್ಮ ಮತ್ತು ನಾನು ಇಲ್ಲೇ ಕೂತು, ನೀರು ಇಳಿದ ಮೇಲೆ ಕೆಳಗಿನಿಂದ ಬರ್ತೇವೆ" ಎಂದರು ಅವರು. ಮಗ ಹೊರಟು ನಿಂತ. ನಾನೂ ಬೂಟಿನ ದಾರವನ್ನು ಬಿಗಿಮಾಡಿಕೊಂಡೆ. ಅಷ್ಟರಲ್ಲಿ ನನ್ನಾಕೆ ಚೀಲದಿಂದ ರೊಟ್ಟಿಯ ಗಂಟನ್ನು ತೆಗೆದು, ಯಾರೂ ಏನೂ ಹೇಳದಿದ್ದರೂ, ಎರಡು ಪಾಲು ಮಾಡತೊಡಗಿದಳು. ಒಂದು ಪಾಲು ತನಗೆ; ಇನ್ನೊಂದು, ಚಟ್ನಿಪುಡಿಯ ಪೊಟ್ಟಣವನ್ನೂ ಸೇರಿಸಿ, ನನಗೆ ಗುಡ್ಡದ ಮೇಲೆ ಕೊಂಡೊಯ್ಯಲು. ನಾನು ಹೋಗುವೆನೆಂಬುದರಲ್ಲಿ ಆಕೆಗೆ ಸಂದೇಹವೇ ಇರಲಿಲ್ಲ. ಮುಖದಲ್ಲಿ ಕೋಪವೂ ಇರಲಿಲ್ಲ. 36 ವರ್ಷಗಳಲ್ಲಿ ಆಕೆ ಹೀಗೆ ಎಷ್ಟು ಗಂಟುಗಳನ್ನು ಕಟ್ಟಿಕೊಟ್ಟಿರಬಹುದು! ನಾನು ಬೂಟನ್ನು ಬಿಚ್ಚಿ ಪಕ್ಕಕ್ಕಿಟ್ಟು ಮರಳಿನ ಮೇಲೆ ಕುಳಿತೆ. "ಯಾಕ್ರೀ? ಕಾಲು ನೋವೇ?" ಎಂದಳು. "ಇಲ್ಲ" ಎಂದೆ. ಮತ್ತೇನನ್ನೂ ಹೇಳಲು ನನಗೆ ಬರಲಿಲ್ಲ. ಆಕೆ ಎರಡು ಪಾಲನ್ನೂ ಮತ್ತೆ ಒಂದು ಮಾಡಿದಳು.

ಅಲ್ಲಿ ನಾವು ಗಾಳಿಮರದ ನೆರಳಿನಲ್ಲಿ ನಾಲ್ಕು ಗಂಟೆ ಕುಳಿತಿದ್ದೆವು. ಸುಳ್ಳು ಹೇಳಬಾರದು, ಮೊದಲ ಒಂದು ಗಂಟೆ, ಗುಡ್ಡದ ನೆತ್ತಿಯಲ್ಲಿ ಮಗನ ಅಂಗಿ ಕಂಡಾಗಲೆಲ್ಲ ನನಗೆ ಅಸೂಯೆಯೇ ಆಯಿತು. ಹನ್ನೊಂದೂವರೆಯ ಹೊತ್ತಿಗೆ ನಾವು ದಾಟಬೇಕೆಂದಿದ್ದ ಬಂಡೆಗಳು ಕಣ್ಣಿಗೆ ಬೀಳದಂತಾದುವು. ಒಂದೊಂದು ಅಲೆಯೂ ಅಲ್ಲಿ ಒಡೆದು ಆಳೆತ್ತರಕ್ಕೆ ಎರಚುತ್ತಿತ್ತು. ಮಾರ್ಗದರ್ಶಿ ಅದನ್ನು ತೋರಿಸಿ ನಮ್ಮನ್ನು ನಾಚಿಸಲಿಲ್ಲ, ತೂಕಡಿಸುತ್ತಿದ್ದರು. ಎಚ್ಚರವಾದಾಗ, ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರದಿಂದ ದೊಡ್ಡ ಅಲೆಗಳ ಮುನ್ನೆಚ್ಚರಿಕೆ ಈಗ ಕೈಫೋನಿಗೇ ಬರುತ್ತದೆಂದೂ, ಅದನ್ನು ಪ್ರತಿದಿನ ನೋಡಿದ ಮೇಲೂ ದಂಡೆಗೆ ಬಂದು ಕಣ್ಣಿನಿಂದ ನೋಡದೆ ತಾವು ಯಾರನ್ನೂ ಇಳಿಸುವುದಿಲ್ಲವೆಂದೂ ಹೇಳಿದರು. ನನ್ನಾಕೆ ನೀರಿನ ಅಂಚಿಗೆ ಹೋಗಿ ಪಾದ ಮುಳುಗುವಷ್ಟರಲ್ಲಿ ನಿಂತಳು. ಕೂಗಿ ಕರೆಯಲು ಅಲ್ಲಿ ಬಸ್ಸಿನವನಿರಲಿಲ್ಲ. ಸೀರೆಯಂಚು ಒದ್ದೆಯಾಯಿತು, ಒಣಗಿತು, ಮತ್ತೆ ಒದ್ದೆಯಾಯಿತು.

ಎರಡೂವರೆಯ ಮೇಲೆ ಬಂಡೆಗಳು ಒಂದೊಂದಾಗಿ ತಲೆಯೆತ್ತಿದುವು. ಹಾವಸೆ ಕಟ್ಟಿದ ಎಡೆಯನ್ನು ತಪ್ಪಿಸಿ, ಒರಟಾದ ಎಡೆಯಲ್ಲಿ ಕಾಲಿಡಲು ಹೇಳುತ್ತ ಅವರು ನಮ್ಮನ್ನು ದಾಟಿಸಿದರು. ಬಾಡದಲ್ಲಿ ಕಾಯುತ್ತಿದ್ದ ಮಗನೂ ಉಳಿದವರೂ ಸೇರಿಕೊಂಡರು. ಕಾಗಾಲವನ್ನು ಹಾದು ಸಂಜೆ ಅಘನಾಶಿನಿ ಎಂಬ ಊರನ್ನು ಮುಟ್ಟುವ ಹೊತ್ತಿಗೆ ಅಳಿವೆಯಲ್ಲಿ ನೀರು ಇಳಿದು ಮರಳದಿಬ್ಬಗಳು ಮೇಲೆದ್ದಿದ್ದುವು. ಬಳಚನ್ನು ಆಯುತ್ತಿದ್ದ ಹೆಂಗಸರು ಬುಟ್ಟಿಗಳೊಡನೆ ದೋಣಿಗಳಲ್ಲಿ ಮರಳುತ್ತಿದ್ದರು. ಇವರ ದಿನಚರಿಯನ್ನು ಬರೆಯುವುದು ಭರತ ಇಳಿತಗಳೇ. ನಮಗೆ ಕಾಯುವಿಕೆಯೆನಿಸಿದ್ದು ಇವರಿಗೆ ಬದುಕು.

ಊರಿನ ಹೆಸರೇ ನದಿಯ ಹೆಸರೂ ಹೌದು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ 116 ಮೀಟರು ಕೆಳಕ್ಕೆ ಧುಮುಕಿ, ಸುಮಾರು 120 ಕಿಲೋಮೀಟರು ಹರಿದು ಇಲ್ಲಿ ಕಡಲನ್ನು ಸೇರುತ್ತದೆ. ದಾರಿಯಲ್ಲಿ ಇದಕ್ಕೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಏತ ನೀರಾವರಿಯ ಊರಿನಿಂದ ಹೋದ ನಮಗೆ ಇದೊಂದು ವಿಸ್ಮಯ. ಸಿಹಿನೀರೂ ಉಪ್ಪುನೀರೂ ಕಲೆಯುವ ಈ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗವೆಂಬ ಬತ್ತ ಬೆಳೆಯುತ್ತದೆ. ಆಚೆಯ ದಡದ ಸಾಣಿಕಟ್ಟೆಯಲ್ಲಿ ಇದೇ ನೀರು ಬಿಸಿಲಿಗೆ ಆರಿ ಉಪ್ಪಾಗುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಿದರು. ಆ ರಾತ್ರಿ ಹಳ್ಳಿಯ ಮನೆಯೊಂದರ ಜಗುಲಿಯಲ್ಲಿ ಕುಚ್ಚಲಕ್ಕಿಯ ಗಂಜಿಯನ್ನೂ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನೂ ಉಂಡು ಮಲಗಿದೆವು. ಮಗ, ಗುಡ್ಡದ ಮೇಲಿಂದ ತೆಗೆದ ಚಿತ್ರಗಳನ್ನು ತೋರಿಸಿದ. ಒಂದರಲ್ಲಿ ಕೆಳಗೆ ಬಲುದೂರದಲ್ಲಿ, ನೀರಿನಂಚಿನಲ್ಲಿ ಎರಡು ಚುಕ್ಕೆಗಳು. "ಇದು ನೀವು, ಅಪ್ಪ, ಇದು ಅಮ್ಮ" ಎಂದ.

ಮರುದಿನ ನಾವು ಆರಕ್ಕೆ ಐದು ನಿಮಿಷವಿರುವಾಗಲೇ ಸಿದ್ಧರಾಗಿದ್ದೆವು. ಕಾಫಿಯ ಮಾತನ್ನು ನಾನು ಎತ್ತಲಿಲ್ಲ. ದೋಣಿಯಲ್ಲಿ ತದಡಿಗೆ ದಾಟಿ, ಬೇಲೆಕಾನಿನಿಂದ ಗುಡ್ಡ ಹತ್ತಿಳಿಯುತ್ತ ಪ್ಯಾರಡೈಸ್, ಹಾಫ್ ಮೂನ್ ಎಂದು ಪ್ರವಾಸಿಗರು ಕರೆಯುವ ಪುಟ್ಟ ತೀರಗಳನ್ನು ಕಂಡೆವು. ಅಲ್ಲಿಗೆ ಕಾಲ್ನಡಿಗೆ ಇಲ್ಲವೆ ದೋಣಿ, ಎರಡೇ ದಾರಿ. ಓಂ ತೀರವನ್ನು ಮೇಲಿನಿಂದ ನೋಡಿದಾಗ ಆ ಅಕ್ಷರದ ಎರಡು ಬಾಗುಗಳು ನಿಚ್ಚಳವಾಗಿ ಕಾಣುತ್ತವೆ. ಅಲ್ಲಿಂದ ಮುಂದೆ ಇಳಿಜಾರು ಹೆಚ್ಚಾಗಿ ಮಂಡಿ ಹಟ ಹಿಡಿಯಿತು. ಓಂ ತೀರದವರೆಗೆ ರಸ್ತೆಯಿರುವುದರಿಂದ ನಾವಿಬ್ಬರೂ ಆಟೋ ಹಿಡಿದು, ಕುಡ್ಲೆಯ ಮಾರ್ಗವಾಗಿ ನಡೆದು ಬಂದವರಿಗಿಂತ ಮುಂಚೆಯೇ ಗೋಕರ್ಣವನ್ನು ಸೇರಿ, ಮಹಾಬಲೇಶ್ವರನ ದರ್ಶನ ಮಾಡಿ, ಕೋಟಿತೀರ್ಥದ ಮೆಟ್ಟಿಲ ಮೇಲೆ ಕುಳಿತೆವು. ದಾರಿಯ ನಡುವೆ ಎಲ್ಲಿ ರಸ್ತೆ ಸಿಗುತ್ತದೆಂಬ ನನ್ನ ಮೂರನೆಯ ಪ್ರಶ್ನೆ ಹೀಗೆ ನನಗೇ ಉಪಯೋಗಕ್ಕೆ ಬಂತು. ಆಟೋದಲ್ಲಿ ಬಂದೆವೆಂದು ನಮಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಇಂಥ ಪ್ರವಾಸವನ್ನು ಆರಿಸಿಕೊಳ್ಳುವ ವಾಚಕರಿಗೆ ಒಂದು ಮಾತು. ಎಷ್ಟು ತೋರಿಸುತ್ತಾರೆಂದು ಕೇಳಬೇಡಿ. ಯಾವಾಗ ಬೇಡವೆನ್ನುತ್ತಾರೆಂದು ಕೇಳಿ. ಬೇಡವೆನ್ನಲು ಬಾರದ ಮಾರ್ಗದರ್ಶಿಗಿಂತ ಮಾರ್ಗದರ್ಶಿಯಿಲ್ಲದಿರುವುದೇ ಲೇಸು. ಕಡೆಯ ಪಕ್ಷ ನಮಗೆ ಭಯವಾದರೂ ಇರುತ್ತದೆ. ಹೊರಡುವ ದಿನವನ್ನು ಪಂಚಾಂಗದಲ್ಲಿ ನೋಡಿಕೊಳ್ಳಿ, ಮುಹೂರ್ತಕ್ಕಲ್ಲ, ಸಮುದ್ರಕ್ಕಾಗಿ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲನ್ನು ಅಳತೆಯಾಗಿಟ್ಟುಕೊಂಡು ಹಾದಿಯನ್ನು ಆರಿಸಿ. ಮತ್ತು ಅವರನ್ನು ಮುಂದೆ ಬಿಡಿ.

ಉಬ್ರಾಣಿಗೆ ಮರಳಿದ ಮೇಲೂ ನಾವು ಬೆಳಗಿನ ನಡಿಗೆಯನ್ನು ಬಿಟ್ಟಿಲ್ಲ. ಮೊನ್ನೆ ನೆರೆಮನೆಯ ಯಜಮಾನರು ತೋಟದ ಬದುವಿನಲ್ಲಿ ನಮ್ಮನ್ನು ಕಂಡು, "ಏನು ಮೇಷ್ಟ್ರೇ, ಹಿಂದೆ ಬಿದ್ದುಬಿಟ್ಟಿರಲ್ಲ?" ಎಂದು ನಕ್ಕರು. ಬದು ಕಿರಿದು, ಇಬ್ಬರು ಜತೆಯಾಗಿ ನಡೆಯುವಷ್ಟು ಅಗಲವಿಲ್ಲವೆಂದು ಹೇಳಿ ನಾನೂ ನಕ್ಕೆ. ಮುಂದೆ ಕೋಲಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಸಾಗಿತು.